ನೋಲಾ ಫ್ಯೂಗೇಟ್ ಎದ್ದು ನಿಂತ ಬುಧವಾರ

ಹಿಕರಿ ಫೋರ್ಕ್ ಕಾಲೇಜಿನ ಅಡುಗೆಮನೆಯಲ್ಲಿ ದುಡಿದ ಒಂಬತ್ತು ಹೆಂಗಸರಿಗೆ ೧೯೮೬ರ ಜನವರಿಯ ಮೂರು ವಾರದ ಕೂಲಿ ಇನ್ನೂ ಬಾಕಿ ಇದೆ. ಅವರಲ್ಲಿ ಹೆಚ್ಚಿನವರು ಮಣ್ಣು ಸೇರಿದ್ದಾರೆ. ಬಾಕಿ ಮಾತ್ರ ಮಣ್ಣು ಸೇರಿಲ್ಲ, ಏಕೆಂದರೆ ನೋಲಾ ಫ್ಯೂಗೇಟ್ ಎಂಬುವಳು ಅದನ್ನು ಹೂಳಲು ಬಿಟ್ಟಿಲ್ಲ.

ನೋಲಾ ಓಹಾಯೊ ರಾಜ್ಯದ ಹ್ಯಾಮಿಲ್ಟನ್ ಊರಿನವಳು. ಕೆಂಟಕಿಯ ಬೆಟ್ಟಗಳಲ್ಲಿ ಗಣಿ ಮುಚ್ಚಿದಾಗ ಕೆಳಗಿಳಿದು ಬಂದು ಕಾಗದದ ಮಿಲ್ಲಿಗೆ ಸೇರಿಕೊಂಡವರ ಕೇರಿಯಲ್ಲಿ ಹುಟ್ಟಿದಳು. ಅವಳ ಅಪ್ಪ ಎಸ್ಟಿಲ್, ಆ ಮಿಲ್ಲಿನ ಎರಡನೇ ಪಾಳಿಯಲ್ಲಿ ದುಡಿಯುತ್ತಿದ್ದ, ಯೂನಿಯನ್ನಿನ ಹಳೆಯ ಹುಲಿ. ಮುಷ್ಕರಕ್ಕೆ ಮೊದಲು ಯಾರು ಈ ಕಡೆ, ಯಾರು ಆ ಕಡೆ, ಯಾರು ಬೇಲಿಯ ಮೇಲೆ ಕೂತಿದ್ದಾರೆ ಎಂದು ಲೆಕ್ಕ ಹಾಕುವುದು ಅವನ ಕೆಲಸ. ಅವನ ಲೆಕ್ಕ ತಪ್ಪಿದ್ದೇ ಇಲ್ಲ ಎಂದು ಮಿಲ್ಲಿನಲ್ಲಿ ಹೆಸರು. ಊಟಕ್ಕೆ ಕೂತಾಗಲೂ ಮಗಳಿಗೆ ಅದನ್ನೇ ಹೇಳಿಕೊಡುತ್ತಿದ್ದ: ‘ಸಭೆಗೆ ಹೋಗೋ ಮೊದಲೇ ಗೆದ್ದಿರಬೇಕು ಮಗಳೆ. ಕೈ ಎಣಿಸ್ಕೊಂಡು ಹೋಗು. ಅಲ್ಲಿಗೆ ಹೋದ್ಮೇಲೆ ಬಾಯಿ ಬಡ್ಕೊಂಡ್ರೆ ಗಂಟಲು ನೋವು ಅಷ್ಟೆ.’

ಆ ಕೇರಿಯಿಂದ ರಾಜ್ಯದ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋದ ಮೊದಲ ಹುಡುಗಿ ನೋಲಾ. ಎಸ್ಟಿಲ್ ಅದೇ ವಾರ ಆ ವಿಶ್ವವಿದ್ಯಾಲಯದ ಫುಟ್ಬಾಲ್ ತಂಡದ ಟೋಪಿ ಕೊಂಡು ತಲೆಗಿಟ್ಟವನು, ಮಿಲ್ಲಿನಲ್ಲಿ, ಚರ್ಚಿನಲ್ಲಿ, ಹಲ್ಲು ಕೀಳಿಸಿಕೊಳ್ಳಲು ಹೋದಾಗಲೂ ತೆಗೆಯಲಿಲ್ಲ. ಯಾರಾದರೂ ಟೋಪಿ ನೋಡಿದರೆ ಸಾಕು, ಕೇಳದಿದ್ದರೂ ಹೇಳುತ್ತಿದ್ದ: ‘ನನ್ನ ಮಗಳು ಅಲ್ಲೇ ಓದೋದು.’

ಮಗಳು ಅಲ್ಲಿ ಏನು ಓದುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಐವತ್ತು ಸಾವಿರ ಹುಡುಗರ ಊರು ಅದು. ಇತಿಹಾಸದ ಪಾಠ ಸಿನಿಮಾ ಮಂದಿರದಂಥ ಹಾಲಿನಲ್ಲಿ. ಆರುನೂರು ಕುರ್ಚಿ, ತುದಿಯಲ್ಲಿ ಹೆಬ್ಬೆರಳಿನಷ್ಟು ಕಾಣುವ ಪ್ರೊಫೆಸರು, ಮೈಕಿನಲ್ಲಿ ಅವರ ಕೆಮ್ಮು. ಪರೀಕ್ಷೆಯೆಂದರೆ ಪೆನ್ಸಿಲ್ಲಿನಿಂದ ಸಣ್ಣ ಸಣ್ಣ ಸೊನ್ನೆಗಳನ್ನು ಕಪ್ಪು ಮಾಡುವುದು, ಯಂತ್ರ ಅದನ್ನು ಓದಿ ಅಂಕ ಉಗುಳುತ್ತದೆ. ಪಾಠ ಮುಗಿದ ಮೇಲೆ ನೋಲಾ ಅಲ್ಲಿನ ಊಟದ ಹಾಲಿನಲ್ಲಿ ತಟ್ಟೆ ತೊಳೆಯುತ್ತಿದ್ದಳು, ಫೀಸಿನ ಅರ್ಧ ಅದರಿಂದ ಹುಟ್ಟಬೇಕಿತ್ತು. ಒಮ್ಮೆ ಫೀಸು ಏರಿಸಿದಾಗ ಸಾವಿರಾರು ಹುಡುಗರ ಜೊತೆ ಮೆರವಣಿಗೆ ಹೋಗಿ ಗಂಟಲು ಹರಿಯುವಂತೆ ಕೂಗಿದಳು. ಬೆಳಿಗ್ಗೆ ಕಸದ ಗಾಡಿ ಬಂದು ಫಲಕಗಳನ್ನು ಗುಡಿಸಿಕೊಂಡು ಹೋಯಿತು. ಫೀಸು ಏರಿತು.

ಎರಡನೇ ವರ್ಷ ಅವಳ ತಾಯಿಗೆ ಆಪರೇಷನ್ ಆಯಿತು. ನೋಲಾ ಮನೆಗೆ ಹೋಗಿ ಒಂದೂವರೆ ತಿಂಗಳು ಉಳಿದಳು. ಆಮೇಲೆ ವಾಪಸು ಹೊರಟಳು. ಪ್ರೊಫೆಸರಿಗೆ ಏನು ಹೇಳುವುದು, ಹೇಗೆ ಕ್ಷಮೆ ಕೇಳುವುದು ಎಂದು ಬಸ್ಸಿನಲ್ಲಿ ಪೂರ್ತಿ ಮಾತು ಜೋಡಿಸಿಕೊಂಡು ಬಂದಿದ್ದಳು. ಆ ಮಾತು ಬೇಕಾಗಲೇ ಇಲ್ಲ. ಅವಳು ಹೋಗಿದ್ದು ಯಾರಿಗೂ ಗೊತ್ತಿರಲಿಲ್ಲ. ತಟ್ಟೆ ತೊಳೆಯುವ ಕೋಣೆಯ ಮೇಸ್ತ್ರಿ ಮಾತ್ರ, ‘ಎಲ್ಲಿ ಸತ್ತಿದ್ದೆ? ನಿನ್ನ ಏಪ್ರನ್ ಬೇರೆಯವರಿಗೆ ಕೊಟ್ಟಾಯ್ತು’ ಎಂದ. ಉಳಿದಂತೆ, ಕೊನೆಯ ಪರೀಕ್ಷೆಯಲ್ಲಿ ಸೊನ್ನೆ ತುಂಬಿದಳು, ಇತಿಹಾಸದಲ್ಲಿ ಎ ಬಂತು. ಆ ಎ ನೋಡಿ ಅವಳಿಗೆ ಅವಮಾನವಾಯಿತು. ಇದ್ದರೂ ಎ, ಇಲ್ಲದಿದ್ದರೂ ಎ ಆದರೆ ತಾನು ಇಲ್ಲಿ ಇರುವುದಾದರೂ ಯಾಕೆ?

ತಾಯಿಯ ವಾರ್ಡಿನಲ್ಲಿ ಒಬ್ಬ ನರ್ಸು ಇದ್ದಳು, ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಕಟ್ಟಿದ ಹಿಕರಿ ಫೋರ್ಕ್ ಎಂಬ ಪುಟ್ಟ ಕಾಲೇಜಿನಲ್ಲಿ ಓದಿದವಳು. ಇಂಜೆಕ್ಷನ್ ಕೊಡುತ್ತ ಅವಳು ಹೇಳಿದ್ದಳು: ‘ಅಲ್ಲಿ ಎರಡು ದಿನ ಕ್ಲಾಸು ತಪ್ಪಿಸಿದ್ರೆ ಮೇಷ್ಟ್ರು ರೂಮಿನ ಬಾಗಿಲು ಬಡೀತಾರೆ. ಸೂಪು ಹಿಡ್ಕೊಂಡು ಬರ್ತಾರೆ. ಕಾಟ ಅಂದ್ರೆ ಕಾಟ.’ ನೋಲಾಳಿಗೆ ಆ ಕಾಟ ಬೇಕು ಅನ್ನಿಸಿತು.

ಅಪ್ಪನಿಗೆ ಹೇಳಿದ ದಿನ ಎಸ್ಟಿಲ್ ಟೋಪಿ ಹಾಕಿಕೊಂಡೇ ಬೀನ್ಸ್ ಸಾರು ತಿನ್ನುತ್ತಿದ್ದ.

‘ಫುಟ್ಬಾಲ್ ಟೀಮು ಹೆಂಗೆ?’

‘ಇಲ್ಲ ಅಪ್ಪಾ.’

‘ಇಲ್ಲ ಅಂದ್ರೆ, ಸೋಲ್ತದಾ?’

‘ಇಲ್ಲ ಅಂದ್ರೆ ಇಲ್ಲ. ಟೀಮೇ ಇಲ್ಲ.’

ಚಮಚ ಕೆಳಗಿಟ್ಟ. ‘ಎಷ್ಟು ಜನ ಓದ್ತಾರೆ?’

‘ನಾನೂರು ಚಿಲ್ಲರೆ.’

‘ನಮ್ಮ ಪಾಳೀಲಿ ಕಕ್ಕಸಿಗೆ ಕ್ಯೂ ನಿಂತ್ರೆ ಅಷ್ಟು ಜನ ಇರ್ತೀವಲ್ಲೇ! ಏನು ಕಲಿಸ್ತಾರೆ ಅಲ್ಲಿ?’

‘ಎಲ್ಲಾ. ಇತಿಹಾಸ, ತತ್ವಶಾಸ್ತ್ರ, ಗಿಡಮರ, ಕವಿತೆ. ಎಲ್ಲಾನೂ ಒಂದಿಷ್ಟು.’

‘ಅಂದ್ರೆ ಏನೂ ಇಲ್ಲ. ಕೆಲಸ ಕೊಡೋನು ಕೇಳ್ತಾನೆ, ಏನು ಬರುತ್ತಮ್ಮ ನಿಂಗೆ ಅಂತ. ಒಂದಿಷ್ಟು ಗಿಡಮರ ಬರುತ್ತೆ ಅಂತೀಯ.’

ತಾಯಿ ಒಳಗಿನಿಂದ, ‘ಹೋಗ್ಲಿ ಬಿಡಿ, ಹುಡುಗಿ ಸೊರಗಿ ಕಡ್ಡಿ ಆಗಿದ್ದಾಳೆ’ ಎಂದಳು. ಎಸ್ಟಿಲ್ ಹಟ ಹಿಡಿದವನಲ್ಲ, ಆದರೆ ಒಂದು ಮಾತು ಹೇಳಿಯೇ ಬಿಟ್ಟ: ‘ಹೋಗು. ಒಂದು ವರ್ಷ. ಅದಾದ್ಮೇಲೆ ವಾಪಸು ದೊಡ್ಡದಕ್ಕೆ ಬರೋದೇ ಆದ್ರೆ, ನಾನು ಹೇಳಿದ್ದೆ ಅಂತ ನಾನು ಹೇಳ್ತೀನಿ. ಬಿಡಲ್ಲ.’

೧೯೮೫ರ ಆಗಸ್ಟಿನಲ್ಲಿ ನೋಲಾ ಎರಡು ಪೆಟ್ಟಿಗೆ ಹಿಡಿದು ಹಿಕರಿ ಫೋರ್ಕಿಗೆ ಇಳಿದಳು. ಅಲ್ಲಿ ಫೀಸು ಕಡಿಮೆ ಏನಲ್ಲ. ಆದರೆ ಓದುವವರೆಲ್ಲ ಒಂದೊಂದು ಕೆಲಸ ಮಾಡಬೇಕು, ಅಡುಗೆಮನೆಯ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚು ಫೀಸು ವಜಾ. ಆ ಕೆಲಸ ಸಿಕ್ಕಿತೆಂದೇ ಅವಳಿಗೆ ಬರಲಿಕ್ಕಾಯಿತು. ಅದಿಲ್ಲದಿದ್ದರೆ ಒಂದು ಟರ್ಮೂ ನಿಲ್ಲುವ ಹಾಗಿರಲಿಲ್ಲ.

ಇತಿಹಾಸದ ಪ್ರೊಫೆಸರು ಲೋವೆಲ್ ಹಿನ್‌ಶಾ, ಮೂಳೆಚಕ್ಕಳದ ಉದ್ದ ಮನುಷ್ಯ, ಮೊಣಕೈ ಹರಿದ ಸ್ವೆಟರು. ತರಗತಿಯಲ್ಲಿ ಒಂದು ಮೇಜು, ಸುತ್ತ ಹನ್ನೊಂದು ಜನ. ನೋಲಾ ಅಭ್ಯಾಸಬಲದಿಂದ ಹಿಂದಿನ ಸಾಲು ಹುಡುಕಿದಳು. ದುಂಡು ಮೇಜಿಗೆ ಹಿಂದಿನ ಸಾಲು ಎಲ್ಲಿಂದ ಬರಬೇಕು?

‘ಇತಿಹಾಸದಲ್ಲಿ ಎ ಬಂದಿದೆ ನಿನಗೆ, ಆ ದೊಡ್ಡ ಕಡೆಯಲ್ಲಿ’ ಎಂದರು ಲೋವೆಲ್. ‘ಏನು ಓದಿದೆ?’

‘ನೆನಪಿಲ್ಲ ಸರ್.’

‘ಎ ಹೇಗೆ ಬಂತು?’

‘ಸೊನ್ನೆ ತುಂಬಿದೆ ಸರ್.’

‘ಸರ್ ಬೇಡ. ಇಲ್ಲಿ ಯಾರಿಗೂ ಸರ್ ಇಲ್ಲ, ಡಾಕ್ಟರ್ ಇಲ್ಲ. ಲೋವೆಲ್ ಅನ್ನು.’

ಕ್ವೇಕರುಗಳ ಪದ್ಧತಿ ಅದು. ಎಲ್ಲರೂ ಸಮ, ಎಲ್ಲರಿಗೂ ಬರಿಯ ಹೆಸರು. ಕಾಲೇಜಿನ ಮುಖ್ಯಸ್ಥೆ ಮಿರಿಯಮ್ ಹ್ಯಾಡ್ಲಿಯನ್ನೂ ಹುಡುಗರು ಅಂಗಳದ ಆ ತುದಿಯಿಂದ ‘ಮಿರಿಯಮ್!’ ಎಂದು ಕೂಗುತ್ತಿದ್ದರು. ಮೇಸ್ತ್ರಿಗೂ ಸರ್ ಎಂದು ಬೆಳೆದ ನೋಲಾಳಿಗೆ ಆ ಹೆಸರು ನಾಲಿಗೆಯಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಳ್ಳುತ್ತಿತ್ತು. ಅವಳ ಮೊದಲ ಪ್ರಬಂಧ ಎರಡು ಪುಟ. ವಾಪಸು ಬಂದಾಗ ಅಂಚಿನಲ್ಲಿ, ಹಾಳೆಯ ಹಿಂಬದಿಯಲ್ಲಿ, ಲೋವೆಲ್ ಪೆನ್ಸಿಲ್ಲಿನಲ್ಲಿ ಬರೆದದ್ದು ಮೂರು ಪುಟ. ಕೊನೆಯಲ್ಲಿ: ‘ಇದೆಲ್ಲ ಪುಸ್ತಕ ಹೇಳಿದ್ದು. ನೀನು ಏನು ಹೇಳುತ್ತೀಯ?’ ನೋಲಾ ಆ ಪ್ರಶ್ನೆಗೆ ಸಿಟ್ಟಿನಿಂದ ಅತ್ತಳು. ನೀನು ಏನು ಹೇಳುತ್ತೀಯ ಎಂದು ಹಿಂದೆ ಯಾರೂ ಅವಳನ್ನು ಕೇಳಿರಲಿಲ್ಲ, ಹೇಳಲು ಏನೂ ಸಿದ್ಧವಿರಲಿಲ್ಲ. ಕಣ್ಣೊರೆಸಿಕೊಂಡು ಮತ್ತೆ ಬರೆದಳು.

ಆ ಕಾಲೇಜಿನಲ್ಲಿ ಬರಿಯ ಹೆಸರಿಗೆ ಓಗೊಡದವಳು ಒಬ್ಬಳೇ: ಅಡುಗೆಮನೆಯ ಯಜಮಾನಿ, ಮಿಸ್ ಒಡೆಸ್ಸಾ ಪ್ರೂಯಿಟ್. ಪಕ್ಕದ ಊರಿನ ಕರಿಯ ಹೆಂಗಸು, ಬಾಗಿಲು ತುಂಬುವ ಮೈ, ಪಾತ್ರೆ ಅದುರುವ ದನಿ. ಲೋವೆಲ್ ಬೆಳಿಗ್ಗೆ ಬಂದು, ‘ಒಡೆಸ್ಸಾ, ಕಾಫಿ ಇದೆಯಾ?’ ಎಂದರೆ ಅವಳಿಗೆ ಕಿವಿಯೇ ಇಲ್ಲ. ಹಲವು ವರ್ಷಗಳಿಂದ ಆ ಮನುಷ್ಯ ತನ್ನ ಕಾಫಿ ತಾನೇ ಬಗ್ಗಿಸಿಕೊಳ್ಳುತ್ತಿದ್ದ.

ನೋಲಾ ಮೊದಲ ದಿನವೇ ಕೇಳಿದಳು: ‘ಅವರಿಗ್ಯಾಕೆ ಉತ್ತರ ಕೊಡಲ್ಲ ಮಿಸ್ ಒಡೆಸ್ಸಾ?’

‘ನಮ್ಮಮ್ಮ ಸಾಯೋವರೆಗೂ ಬಿಳಿಯರ ಮನೇಲಿ ಬರೀ ಹೆಸರೇ. ಮೂಗು ಸೋರೋ ಮಕ್ಕಳೂ ಅವಳನ್ನ ಹೆಸರು ಹಿಡಿದು ಕರೀತಿದ್ವು. ಅದನ್ನ ಯಾರೂ ಸಮಾನತೆ ಅಂತಿರಲಿಲ್ಲ. ಇವರು ಈಗ ಕಂಡ್ಕೊಂಡಿದ್ದಾರೆ, ಹೊಸದಾಗಿ. ನನ್ನ ಅಡುಗೆಮನೇಲಿ ನಾನು ಮಿಸ್ ಒಡೆಸ್ಸಾ. ನೀನು ಆಲೂಗಡ್ಡೆ ಸುಲಿ.’

ಇಬ್ಬರಿಗೂ ಜಗಳ ಹತ್ತಿದ್ದು ಮೆಕ್ಕೆಜೋಳದ ಬ್ರೆಡ್ಡಿನ ಮೇಲೆ. ಮಿಸ್ ಒಡೆಸ್ಸಾ ಹಿಟ್ಟಿಗೆ ಸಕ್ಕರೆ ಸುರಿಯುವುದನ್ನು ಕಂಡು ನೋಲಾ ತಡೆಯಲಾರದೆ, ‘ಅದು ಕೇಕಾಯ್ತು’ ಎಂದಳು.

‘ಏನಂದೆ ಬೆಟ್ಟದವಳೇ?’

‘ನಮ್ಮ ಕಡೆ ಸಕ್ಕರೆ ಹಾಕಲ್ಲ.’

‘ನಿಮ್ಮ ಕಡೆ ಹಾಕಲ್ವೋ, ನಿಮ್ಮ ಕಡೆ ಇರಲಿಲ್ವೋ?’

ಅಡುಗೆಮನೆಯ ಉಳಿದ ಎಂಟು ಹೆಂಗಸರೂ ಬಿದ್ದು ಬಿದ್ದು ನಕ್ಕರು. ನೋಲಾಳೂ ನಕ್ಕಳು. ಅವತ್ತಿನಿಂದ ಅವಳಿಗೆ ಬೆಟ್ಟದವಳು ಎಂದೇ ಹೆಸರು, ಅವಳಿಗಾಗಿ ಒಂದು ಸಣ್ಣ ಬಾಣಲೆಯಲ್ಲಿ ಸಕ್ಕರೆಯಿಲ್ಲದ ಬ್ರೆಡ್ಡು. ಅಕ್ಟೋಬರಿನಲ್ಲಿ ಜ್ವರ ಬಂದು ಎರಡು ದಿನ ಮಲಗಿದಾಗ ಲೋವೆಲ್ ನಿಜವಾಗಿಯೂ ಬಾಗಿಲು ಬಡಿದರು, ಸೂಪು ಹಿಡಿದು. ಹಿಂದೆಯೇ ಮಿಸ್ ಒಡೆಸ್ಸಾ ಬಂದು ಆ ಸೂಪನ್ನು ಮೂಸಿ ನೋಡಿ ಕಿಟಕಿಯಿಂದ ಹೊರಗೆ ಚೆಲ್ಲಿ ತನ್ನದನ್ನು ಕೊಟ್ಟಳು. ನೋಲಾ ಕಂಬಳಿಯೊಳಗೆ ಮುದುಡಿಕೊಂಡು, ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದುಕೊಂಡಳು.

ನವೆಂಬರಿನಲ್ಲಿ ಸುದ್ದಿ ಹರಡಿತು. ಕಾಲೇಜಿಗೆ ಹಣ ಸಾಲದು. ಬೇಸಿಗೆಯ ಹೊತ್ತಿಗೆ ಅಡುಗೆಮನೆಯನ್ನು ಹೊರಗಿನ ಕಂಪನಿಯೊಂದಕ್ಕೆ ಗುತ್ತಿಗೆ ಕೊಡುವುದು. ಕಂಪನಿ ತನ್ನ ಆಳುಗಳನ್ನು ತರುತ್ತದೆ. ಒಂಬತ್ತು ಹೆಂಗಸರು ಮನೆಗೆ. ಹುಡುಗರಿಗೆ ಅಡುಗೆಮನೆಯ ಕೆಲಸವೂ ಇಲ್ಲ, ಫೀಸಿನ ವಜಾವೂ ಇಲ್ಲ. ಎಂದರೆ ನೋಲಾ ವಾಪಸು ದೊಡ್ಡದಕ್ಕೆ, ಆರುನೂರು ಕುರ್ಚಿಯ ಹಾಲಿಗೆ. ಅಪ್ಪ ಹೇಳಿದಂತೆ, ಬಿಡದೆ, ನಾನು ಹೇಳಿದ್ದೆ ಎನ್ನುತ್ತಾನೆ.

ತೀರ್ಮಾನ ಕಾಲೇಜಿನ ಸಭೆಯಲ್ಲಿ ಆಗಬೇಕು. ತಿಂಗಳಿಗೊಂದು ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ, ಹಳೆಯ ಪ್ರಾರ್ಥನಾ ಮಂದಿರದಲ್ಲಿ ಓದುವವರು, ಕಲಿಸುವವರು, ಮುಖ್ಯಸ್ಥೆ, ಎಲ್ಲರೂ ಸೇರುತ್ತಾರೆ. ಎಲ್ಲರೂ ಎಂದೇ ಹೇಳುತ್ತಿದ್ದರು. ಅಧ್ಯಕ್ಷ ಎಂಬ ಪದ ಅವರಿಗಾಗದು. ಸಭೆ ನಡೆಸುವವನನ್ನು ಸಭೆಯ ಗುಮಾಸ್ತ ಎನ್ನುತ್ತಾರೆ. ಆ ವರ್ಷ ಲೋವೆಲ್ ಗುಮಾಸ್ತರು. ನೋಲಾ ಹೊಸಬಳು, ಆ ಹೊತ್ತಿನಲ್ಲಿ ಪ್ರಬಂಧ ಬರೆಯುತ್ತ ಕೂತು ಅದುವರೆಗೆ ಒಂದು ಸಭೆಗೂ ಹೋಗಿರಲಿಲ್ಲ.

ನೋಲಾ ಅಪ್ಪನ ಮಗಳಾಗಿ ಕೆಲಸಕ್ಕಿಳಿದಳು. ಸಂಜೆ ಸಂಜೆ ಹಾಸ್ಟೆಲಿನ ಕೋಣೆ ಕೋಣೆಗೆ ಹೋದಳು. ಯಾರು ಈ ಕಡೆ, ಯಾರು ಆ ಕಡೆ, ಯಾರು ಬೇಲಿಯ ಮೇಲೆ. ಹುಡುಗರು ಒಳ್ಳೆಯವರು, ‘ನಿನ್ನ ಜೊತೆ ಇದ್ದೇವೆ’ ಎಂದರು. ಅರ್ಧಕ್ಕಿಂತ ಎಷ್ಟೋ ಹೆಚ್ಚು ಜನ. ಅಪ್ಪನಿಗೆ ಫೋನು ಮಾಡಿದಳು: ‘ಗೆದ್ದಾಯ್ತು ಅಪ್ಪಾ.’ ಮಿಸ್ ಒಡೆಸ್ಸಾಗೂ ಹೇಳಿದಳು, ಏನೂ ಹೆದರಬೇಡಿ, ಕೈಗಳು ನನ್ನ ಹತ್ತಿರ ಇವೆ ಎಂದು.

ಡಿಸೆಂಬರಿನ ಸಭೆಯಲ್ಲಿ ಮಿರಿಯಮ್ ಪ್ರಸ್ತಾಪ ಓದಿದರು. ಆಮೇಲೆ ಮೌನ. ಒಬ್ಬರು ಎದ್ದು, ಇದು ನೋವಿನ ವಿಷಯ ಎಂದು ಕೂತರು. ಮತ್ತೆ ಮೌನ. ಇನ್ನೊಬ್ಬರು, ಆ ಹೆಂಗಸರಿಗೆ ಕಂಪನಿ ಕೆಲಸ ಕೊಡಬಹುದೇನೋ ಎಂದು ಆಶಿಸಿದರು. ಮೌನ. ನೋಲಾ ಬೆಂಚಿನ ತುದಿಯಲ್ಲಿ ತಯಾರಾಗಿ ಕೂತಿದ್ದಳು. ಕೈ ಎತ್ತಿ ಎಂದು ಹೇಳಿದ ಕೂಡಲೇ ಎತ್ತಬೇಕು, ತನ್ನವರ ಕೈಗಳನ್ನು ಒಂದೊಂದಾಗಿ ಕಣ್ಣಲ್ಲೇ ಹಿಡಿಯಬೇಕು. ಹುಡುಗರೆಲ್ಲ ಅವಳ ಕಡೆಗೇ ನೋಡುತ್ತಿದ್ದರು. ಆಗಲಿ, ಎಲ್ಲರೂ ಎಚ್ಚರವಾಗಿದ್ದಾರೆ ಎಂದುಕೊಂಡಳು.

ಲೋವೆಲ್ ನಿಧಾನವಾಗಿ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ನೋಡಿದರು. ‘ಅಡ್ಡಿ ಕೇಳಿಸಲಿಲ್ಲ. ಸಭೆಯ ಮನಸ್ಸು ಒಂದಾಗಿದೆ ಎಂದು ನನಗೆ ಕಾಣುತ್ತದೆ’ ಎಂದರು. ಕೆಲವರು ತಲೆಯಾಡಿಸಿದರು. ಲೋವೆಲ್ ಏನೋ ಬರೆದುಕೊಂಡರು. ಎಲ್ಲರೂ ಎದ್ದರು.

ಮುಗಿಯಿತು. ಅಷ್ಟೆ.

ನೋಲಾ ಕೂತೇ ಇದ್ದಳು. ಗೆಲ್ಲುವಷ್ಟು ಕೈಗಳನ್ನು ಜೇಬಿನಲ್ಲಿಟ್ಟುಕೊಂಡು, ಒಂದು ಮಾತಾಡದೆ, ಸೋತಿದ್ದಳು. ಜೊತೆಗೆ ತಟ್ಟೆ ತೊಳೆಯುವ ಹುಡುಗನೊಬ್ಬ ಬಂದು, ‘ನೀನು ಎದ್ದು ಮಾತಾಡ್ತೀಯ ಅಂತ ಎಲ್ಲರೂ ಕಾಯ್ತಾ ಇದ್ವಲ್ಲ ನೋಲಾ?’ ಎಂದ.

‘ನಾನು ವೋಟಿಗೆ ಕಾಯ್ತಿದ್ದೆ ಕಣೋ!’

‘ವೋಟಾ? ಇಲ್ಲಿ ಯಾವತ್ತು ವೋಟು ಹಾಕಿದ್ದೀವಿ?’

ಅಪ್ಪನಿಗೆ ಫೋನು ಮಾಡಿದಾಗ ಎಸ್ಟಿಲ್ಲನ ಮೊದಲ ಪ್ರಶ್ನೆ: ‘ಎಷ್ಟಕ್ಕೆ ಎಷ್ಟು?’

‘ವೋಟೇ ಇಲ್ಲ ಅಪ್ಪಾ. ಇವರು ವೋಟು ಹಾಕಲ್ಲ.’

‘ಮತ್ತೆ?’

‘ಸುಮ್ಮನೆ ಕೂರ್ತಾರೆ.’

 ‘ನನಗೆ ಅಂಥ ಸಭೆ ಗೊತ್ತಿಲ್ಲ ಮಗಳೆ’ ಎಂದ ಎಸ್ಟಿಲ್. ನಾನು ಹೇಳಿದ್ದೆ ಎಂದು ಮಾತ್ರ ಹೇಳಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಸಂಕಟವಾಯಿತು.

ಅಡುಗೆಮನೆಯಲ್ಲಿ ಮಿಸ್ ಒಡೆಸ್ಸಾ ಬೆನ್ನು ತಿರುಗಿಸಿಯೇ ಮಾತಾಡಿದಳು: ‘ಬಾಯಿತ್ತಲ್ಲ ನಿಂಗೆ? ಸಕ್ಕರೆ ವಿಷಯಕ್ಕೆ ಬರುತ್ತೆ.’

ಮಾರನೆಯ ದಿನ ನೋಲಾ ಲೋವೆಲ್ಲರ ಕೋಣೆಗೆ ನುಗ್ಗಿದಳು. ಆ ಸಿಟ್ಟಿನಲ್ಲಿ ಹೆಸರು ನಾಲಿಗೆಗೆ ಸಲೀಸಾಗಿ ಬಂತು.

‘ಲೋವೆಲ್, ಇದು ಮೋಸ. ಅರ್ಧಕ್ಕಿಂತ ಜಾಸ್ತಿ ಜನ ಬೇಡ ಅಂತಿದ್ರು.’

‘ಯಾರೂ ಹೇಳಲಿಲ್ಲವಲ್ಲ?’

‘ನೀವು ಕೇಳಲಿಲ್ಲ!’

‘ಇಲ್ಲಿ ಯಾರೂ ಕೇಳುವುದಿಲ್ಲ ನೋಲಾ. ಬೇಡವೆನ್ನುವವರು ಎದ್ದು ನಿಲ್ಲಬೇಕು. ಸುಮ್ಮನೆ ಕೂತರೆ ಹೂಂ ಅಂತಲೇ ಲೆಕ್ಕ.’

‘ನಾಲ್ಕು ನೂರು ಜನ ಹೂಂ ಅಂದು, ಒಬ್ಬಳೇ ಬೇಡ ಅಂದ್ರೆ?’

ಲೋವೆಲ್ ಕನ್ನಡಕ ತೆಗೆದು ಒರೆಸಿದರು. ‘ಆಗ ನಿಲ್ಲುತ್ತದೆ. ಆ ಒಬ್ಬಳು ಕೂರುವವರೆಗೆ ಯಾವುದೂ ಮುಂದೆ ಹೋಗುವುದಿಲ್ಲ. ಅಂಥದ್ದು ನನ್ನ ಕಾಲದಲ್ಲಿ ಆಗಿಲ್ಲ, ಆದರೆ ನಿಯಮ ಅದೇ.’ ಕನ್ನಡಕ ಹಾಕಿಕೊಂಡು ತಾವಾಗಿಯೇ ಹೇಳಿದರು: ‘ದೊಡ್ಡ ತೀರ್ಮಾನವನ್ನು ರಜೆ ಮುಗಿದ ಮೇಲೆ ಇನ್ನೊಮ್ಮೆ ಓದಿಯೇ ಗಟ್ಟಿ ಮಾಡುವುದು. ಜನವರಿಯ ಕೊನೆಯ ಬುಧವಾರ.’

ಕಾಲೇಜಿನವರು ಅಷ್ಟು ಕಾಯಲಿಲ್ಲ. ಪ್ರತಿ ವರ್ಷ ಚಳಿಗಾಲದ ರಜೆಯಲ್ಲಿ ಹೆಂಗಸರು ಬಂದು ಒಲೆ ಉಜ್ಜಿ, ಉಗ್ರಾಣ ತೊಳೆದು ಸಂಬಳ ತೆಗೆದುಕೊಳ್ಳುತ್ತಿದ್ದರು. ಆ ಸಲ ಬರಬೇಡಿ ಎಂದರು. ಹೇಗೂ ಕಂಪನಿ ಬರುತ್ತದಲ್ಲ. ಮೂರು ವಾರ ಒಂಬತ್ತು ಮನೆಗಳಲ್ಲಿ ಸಂಬಳವಿಲ್ಲ, ಹೊರಗೆ ಮೊಣಕಾಲುದ್ದ ಹಿಮ.

ನೋಲಾ ರಜೆ ಮುಗಿಸಿ ಬಂದವಳು ಕೋಣೆ ಕೋಣೆಗೆ ಹೋಗಲಿಲ್ಲ, ಕೈ ಎಣಿಸಲಿಲ್ಲ. ಮಿಸ್ ಒಡೆಸ್ಸಾಳ ಹತ್ತಿರ ಒಂದೇ ಮಾತು ಕೇಳಿದಳು: ‘ನೀವ್ಯಾಕೆ ಒಂದು ಸಲವೂ ಸಭೆಗೆ ಬಂದಿಲ್ಲ?’

‘ಹನ್ನೊಂದು ಗಂಟೆಗಾ? ಹನ್ನೆರಡಕ್ಕೆ ಊಟ. ನಾನು ಅಲ್ಲಿ ಕೂತು ಮೌನ ಮಾಡಿದ್ರೆ ಇಲ್ಲಿ ಸಾರು ಯಾರು ಕಲಕ್ತಾರೆ, ದೇವರಾ?’

‘ಈ ಸಲ ಬನ್ನಿ.’

‘ಹೋಗೇ ಹೋಗೆ. ಕ್ಯಾರೆಟ್ ಹೆಚ್ಚು.’

ಆ ಬುಧವಾರ ಮಂದಿರದ ಒಲೆ ಹೊಗೆ ಕಾರುತ್ತಿತ್ತು, ಎಲ್ಲರೂ ಕೋಟಿನೊಳಗೆ ಮುದುಡಿದ್ದರು. ಲೋವೆಲ್ ತೀರ್ಮಾನ ಓದಿ ಮುಗಿಸಿದರು. ಮೌನ. ನೋಲಾ ಬೆಂಚಿನ ಅಂಚಿಗೆ ಸರಿದಳು. ಸಾವಿರ ಜನರ ನಡುವೆ ಕೂಗುವಾಗ ಭಯವಿರಲಿಲ್ಲ, ಅಲ್ಲಿ ಅವಳ ದನಿ ಅವಳಿಗೇ ಕೇಳಿಸುತ್ತಿರಲಿಲ್ಲ. ಇಲ್ಲಿ ಬೆಂಚು ಕಿರುಗುಟ್ಟಿದರೂ ಎಲ್ಲರೂ ತಿರುಗುತ್ತಾರೆ.

ಬೆಂಚು ಕಿರುಗುಟ್ಟಿತು. ಎದ್ದಳು.

‘ನಾನು ಇದಕ್ಕೆ ಒಪ್ಪಲ್ಲ. ಇದು ಎಲ್ಲರ ಸಭೆ ಅಂತೀರಿ. ಒಂಬತ್ತು ಜನ ಇಲ್ಲಿಲ್ಲ. ಅವರು ಇಲ್ಲಿಗೆ ಬರಕ್ಕೆ ಆಗದ ಹೊತ್ತಲ್ಲೇ ನೀವು ಸಭೆ ಇಡ್ತೀರಿ, ಯಾಕಂದ್ರೆ ಇಲ್ಲಿಂದ ಎದ್ದ ಕೂಡಲೇ ನಿಮಗೆ ಊಟ ಬೇಕು. ಅವರ ಬಾಯಿ ಇಲ್ಲದೆ ಅವರ ಹೊಟ್ಟೆ ಮೇಲೆ ತೀರ್ಮಾನ ಮಾಡಿದ್ದೀರಿ. ನನ್ನ ಓದೂ ಇದರಲ್ಲಿ ಸೇರಿದೆ, ಸುಳ್ಳು ಯಾಕೆ ಹೇಳ್ಲಿ. ನಾನೊಂದು ದೊಡ್ಡ ಕಡೆಯಿಂದ ಬಂದೋಳು. ಅಲ್ಲಿ ನಾನು ಇಲ್ಲದಿದ್ದಾಗ ಯಾರೂ ಕೇಳಲಿಲ್ಲ. ಇಲ್ಲಿ ಕೇಳ್ತಾರೆ ಅಂತ ಬಂದೆ. ಒಂಬತ್ತು ಜನ ಇಲ್ಲ. ನೀವೂ ಕೇಳಲಿಲ್ಲ.’

ಲೋವೆಲ್ ಪದ್ಧತಿಯಂತೆ ಕೇಳಿದರು: ‘ನೋಲಾ, ಒಪ್ಪದಿದ್ದರೂ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತೀಯಾ?’

‘ಇಲ್ಲ. ದಾರೀಲೇ ನಿಂತಿದ್ದೀನಿ.’

ಹಣಕಾಸು ನೋಡಿಕೊಳ್ಳುವವನು ಗೊಣಗಿದ: ‘ಒಬ್ಬ ಹುಡುಗಿಗೋಸ್ಕರ ನಾನೂರು ಜನ?’ ಲೋವೆಲ್ ಅವನತ್ತ ನೋಡಿದರು, ಗೊಣಗು ನಿಂತಿತು. ಮತ್ತೆ ಮೌನ. ನೋಲಾ ಕೂರಲಿಲ್ಲ. ಯಾರೂ ಏಳಲಿಲ್ಲ. ಊಟದ ಹೊತ್ತಾಯಿತು. ದಿನವೂ ತಪ್ಪದೆ ಬಾರಿಸುವ ಊಟದ ಗಂಟೆ ಬಾರಿಸಲಿಲ್ಲ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬಾಗಿಲು ತೆರೆಯಿತು. ಹಿಮದ ಗಾಳಿಯ ಜೊತೆ ಮಿಸ್ ಒಡೆಸ್ಸಾ, ಭಾನುವಾರದ ಟೋಪಿ ಧರಿಸಿ, ಹಿಂದೆ ಎಂಟು ಹೆಂಗಸರು. ಹಿಂದಿನ ಬೆಂಚು ಖಾಲಿಯಿತ್ತು, ಅಲ್ಲಿ ಕೂರಲಿಲ್ಲ. ನಡುವಿನ ದಾರಿಯಲ್ಲಿ ನಡೆದು ಮುಂದಿನ ಬೆಂಚಿನ ಹುಡುಗರನ್ನು ‘ಸರೀರಿ’ ಎಂದು ಸರಿಸಿ ಕೂತರು.

‘ಒಲೆ ಆರಿಸಿ ಬಂದಿದ್ದೀವಿ’ ಎಂದಳು ಮಿಸ್ ಒಡೆಸ್ಸಾ. ‘ನಿಮ್ಮ ಪದ್ಧತಿ ನನಗೆ ಗೊತ್ತಿಲ್ಲ. ಸುಮ್ಮನೆ ಕೂರಬೇಕಂತೆ. ಕೂರ್ತೀವಿ. ಹಸಿವಾದವರು ಹೇಳಿ.’

ಯಾರೋ ನಕ್ಕರು, ಆಮೇಲೆ ನಗು ಬೆಂಚಿನಿಂದ ಬೆಂಚಿಗೆ ಹರಿಯಿತು, ಆಮೇಲೆ ತಾನಾಗಿ ನಿಂತಿತು. ತಟ್ಟೆ ತೊಳೆಯುವ ಹುಡುಗ ಎದ್ದು ನಿಂತ. ಇನ್ನೊಬ್ಬಳು. ಆಮೇಲೆ ಸಾಲು ಸಾಲು. ನೋಲಾ ಎಣಿಸಲಿಲ್ಲ, ಎಣಿಸುವ ಅಗತ್ಯವಿರಲಿಲ್ಲ.

ಲೋವೆಲ್ ಸಭೆಯ ಪುಸ್ತಕವನ್ನು ಹತ್ತಿರ ಎಳೆದುಕೊಂಡರು. ತೆರೆದು, ಬರೆಯುತ್ತಲೇ ಓದಿದರು: ‘ಸಭೆಯ ಮನಸ್ಸು ಒಂದಾಗಿಲ್ಲ. ಪ್ರಸ್ತಾಪವನ್ನು ಕೈಬಿಟ್ಟಿದೆ. ನೋಲಾ ಫ್ಯೂಗೇಟ್ ಮತ್ತು ಮಿಸ್ ಒಡೆಸ್ಸಾ ಪ್ರೂಯಿಟ್ ಅವರ ಮಾತನ್ನು ಸಭೆ ಕೇಳಿತು.’

ಮಿಸ್ ಎಂದರು. ಗಟ್ಟಿಯಾಗಿ, ಎಲ್ಲರೆದುರು. ಅಜ್ಜ ಮುತ್ತಜ್ಜನ ಕಾಲದಿಂದ ಯಾವ ಬಿರುದಿಗೂ ಬಾಯಿ ತೆರೆಯದ ಮನೆತನದ ಮನುಷ್ಯ. ಮಿಸ್ ಒಡೆಸ್ಸಾ ಟೋಪಿ ಸರಿಮಾಡಿಕೊಂಡು, ‘ಕಾಫಿ ಇದೆ, ಬನ್ನಿ’ ಎಂದಳು.

ಊಟ ಮಧ್ಯಾಹ್ನ ಮೂರಕ್ಕಾಯಿತು. ಬ್ರೆಡ್ಡಿಗೆ ಸಕ್ಕರೆ ಹಾಕಿದ್ದಳು. ನೋಲಾ ಎರಡು ತುಂಡು ತಿಂದಳು, ಕೇಕು ಎನ್ನಲಿಲ್ಲ.

ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಎಸ್ಟಿಲ್ ಮತ್ತೆ ಮತ್ತೆ ಕೇಳಿದ: ‘ಒಬ್ಬಳೇ ನಿಂತೆಯಾ? ಕೈ ಎಣಿಸದೆ?’ ಮರುದಿನ ಮಿಲ್ಲಿನ ಕ್ಯಾಂಟೀನಿನಲ್ಲಿ ಯಾರೋ ಅವನ ಟೋಪಿ ತೋರಿಸಿ, ಮಗಳು ಅಲ್ಲೇ ಓದ್ತಿದ್ದಾಳಾ ಎಂದರಂತೆ. ಎಸ್ಟಿಲ್ ಟೋಪಿ ಮುಟ್ಟಿ ನೋಡಿ, ‘ಇದಾ? ಇದು ಅವಳು ಬಿಟ್ಟು ಬಂದ ಕಾಲೇಜು’ ಎಂದನಂತೆ, ಎದೆ ಉಬ್ಬಿಸಿ.

ಮುಂದಿನ ವರ್ಷ ಪದವಿ ಸಮಾರಂಭಕ್ಕೂ ಅದೇ ಟೋಪಿಯಲ್ಲಿ ಬಂದ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಸ್ಟೇಡಿಯಮ್ಮಿನಲ್ಲಿ ಸಾವಿರಾರು ಜನರನ್ನು ಒಟ್ಟಿಗೇ ನಿಲ್ಲಿಸಿ ಒಟ್ಟಿಗೇ ಕೂರಿಸುತ್ತಾರೆ. ಇಲ್ಲಿ ಮೇಪಲ್ ಮರದ ಕೆಳಗೆ ಲೋವೆಲ್ ಒಂದೊಂದೇ ಹೆಸರು ಕರೆದರು. ‘ನೋಲಾ ಜೀನ್ ಫ್ಯೂಗೇಟ್, ಹ್ಯಾಮಿಲ್ಟನ್ನಿನ ವೀಡಾ ಮತ್ತು ಎಸ್ಟಿಲ್ಲರ ಮಗಳು.’ ಎಸ್ಟಿಲ್ ಟೋಪಿ ತೆಗೆದ. ಅವನ ಬೋಳುತಲೆಯನ್ನು ಮಗಳು ನಾಲ್ಕು ವರ್ಷದಲ್ಲಿ ಮೊದಲ ಸಲ ನೋಡಿದಳು. ಕಾರಿನಲ್ಲಿ ಕೂತ ಮೇಲೆ ಅವನು ಹೇಳಿದ್ದು ಇಷ್ಟೇ: ‘ಹೆಸರು ಸರಿಯಾಗಿ ಹೇಳಿದ್ರು.’

ನೋಲಾ ಹ್ಯಾಮಿಲ್ಟನ್ನಿನ ಸರ್ಕಾರಿ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದಳು. ಮೇಷ್ಟರುಗಳ ಯೂನಿಯನ್ನಿಗೆ ಅಧ್ಯಕ್ಷೆಯಾಗಿದ್ದಾಗ ವೋಟಿಗೆ ಮೊದಲು ಎಲ್ಲರನ್ನೂ ಸ್ವಲ್ಪ ಹೊತ್ತು ಸುಮ್ಮನೆ ಕೂರಿಸುತ್ತಿದ್ದಳು. ‘ಈಗ ಇಲ್ಲಿ ಯಾರಿಲ್ಲ? ಯಾಕಿಲ್ಲ?’ ಎಂದು ಕೇಳಿ, ಉತ್ತರ ಬಂದ ಮೇಲೆಯೇ ಕೈ ಎತ್ತಿಸುತ್ತಿದ್ದಳು. ಜನ ಶಪಿಸುತ್ತಿದ್ದರು. ಮನೆಗೆ ಹೋಗುವುದು ತಡವಾಗುತ್ತದಲ್ಲ.

ಆ ಕೂಲಿ ಮಾತ್ರ ಬರಲಿಲ್ಲ. ಹೆಂಗಸರು ಉಳಿದರು, ಸಭೆಯ ಹೊತ್ತು ಮಧ್ಯಾಹ್ನಕ್ಕೆ ಬದಲಾಯಿತು, ಬುಧವಾರಗಳಲ್ಲಿ ಮಿಸ್ ಒಡೆಸ್ಸಾ ಸಾಯುವ ತನಕ ಮುಂದಿನ ಬೆಂಚಿನಲ್ಲಿ ಕೂತಳು. ಆದರೆ ಜನವರಿಯ ಮೂರು ವಾರವನ್ನು ‘ಪರಿಶೀಲಿಸುತ್ತೇವೆ’ ಎಂದವರು ಇಂದಿಗೂ ಪರಿಶೀಲಿಸುತ್ತಲೇ ಇದ್ದಾರೆ. ಕಾಲೇಜಿನಿಂದ ಹುಡುಗರು ಫೋನು ಮಾಡಿ ಸಂಸ್ಥೆಗೆ ದೇಣಿಗೆ ಕೊಡಿ ಎಂದರೆ ನೋಲಾ ಕೇಳುತ್ತಾಳೆ: ‘ಮೊದಲು ನೀವು ಕೊಡಿ. ಒಂಬತ್ತು ಮನೆಗಳ ವಿಳಾಸ ಇದೆ, ಬರ್ಕೊತೀಯಾ ಮಗೂ?’ ಹಳೆಯ ವಿದ್ಯಾರ್ಥಿಗಳ ಊಟದ ದಿನ ಪ್ರತಿ ವರ್ಷ ಆ ಮಂದಿರದಲ್ಲಿ ಎದ್ದು ನಿಂತು, ‘ಮೂರು ವಾರ’ ಎಂದಷ್ಟೇ ಹೇಳಿ, ನಿಂತೇ ಇರುತ್ತಾಳೆ. ಅವಳ ಮೊಣಕಾಲು ಈಗ ಸರಿಯಿಲ್ಲ. ಆದರೂ ನಿಲ್ಲುತ್ತಾಳೆ.

ಈಗ ನೀವು. ನೀವು ಓದಿದ ಕಡೆಯೂ ಒಂದು ಹಾಸ್ಟೆಲ್ಲಿತ್ತು, ಅದಕ್ಕೊಂದು ಅಡುಗೆಮನೆಯಿತ್ತು. ಅಲ್ಲಿ ಬೆಳಗಾಗುವ ಮೊದಲೇ ಎದ್ದು ನಿಮಗೆ ಅನ್ನ ಬೇಯಿಸಿದವಳ ಹೆಸರೇನು? ರಜೆಯ ತಿಂಗಳು ಅವಳಿಗೆ ಸಂಬಳ ಕೊಡುತ್ತಿದ್ದರೇ? ಗೊತ್ತಿಲ್ಲ ಅಲ್ಲವೇ? ಹೋಗಿ ಕೇಳಿ. ಬಾಕಿಯಿದ್ದರೆ ಮುಂದಿನ ಸಲ ಆ ಸಂಸ್ಥೆ ನಿಮ್ಮನ್ನು ಕರೆದು ಹಾರ ಹಾಕಿ ಕೂರಿಸುವಾಗ ಎದ್ದು ನಿಲ್ಲಿ, ಬಾಕಿ ಹೇಳಿ. ಕೊಡುವವರೆಗೆ ಕೂರಬೇಡಿ.